ದೊಡ್ಡಪ್ಪನ ರುಜು

ಗುಬ್ಬಿಯ ನಮ್ಮ ದೊಡ್ಡಪ್ಪ ಜೀವಮಾನದಲ್ಲಿ ಪೂರ್ತಿ ನಂಬಿದ್ದು ಒಂದನ್ನೇ, ತಮ್ಮ ಅನುಮಾನವನ್ನು. ಅದನ್ನೂ ಆಗಾಗ ಪರೀಕ್ಷಿಸಿ ನೋಡುತ್ತಿದ್ದರು! ಡಾಕ್ಟರು ಮಾತ್ರೆ ಕೊಟ್ಟರೆ, "ಮೊದ್ಲು ನೀವೊಂದು ನುಂಗಿ ಸ್ವಾಮಿ" ಎನ್ನುವವರು. ಯಡಿಯೂರಿನ ಗುಡಿಗೆ ಹೋದರೆ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡೇ ಸ್ವಾಮಿಯ ಮುಂದೆ ನಿಲ್ಲುವವರು. ಕೇಳಿದರೆ, "ಸ್ವಾಮಿ ಮೇಲೆ ನಂಬ್ಕೆ ಐತೆ ಕಣೋ, ಭಕ್ತರ ಮೇಲಿಲ್ಲ."

ರುಜುವಿನ ಮಾತು ಬಂದರಂತೂ ಮುಗಿಯಿತು. ಅವರ ಮನೆಯಲ್ಲಿದ್ದು ಓದುತ್ತಿದ್ದ ಕಾಲದಲ್ಲಿ ನನ್ನ ಮಾರ್ಕ್ಸ್ ಕಾರ್ಡನ್ನು ಮೂರು ಸಲ ಓದಿ, ರುಜು ಹಾಕಿ, ಕೆಳಗೆ ಬರೆದರು: "ಓದಿದ್ದೇನೆ. ಒಪ್ಪಿದ್ದೇನೆ ಎಂದಲ್ಲ." ಮೇಷ್ಟ್ರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು.

ಇಂಥವರ ಮನೆಗೆ ಚಿಕ್ಕಮ್ಮ ಬಂದರು. ಚಿಕ್ಕಪ್ಪ ಸಿಲೋನಿನ ಟೀ ತೋಟದಲ್ಲಿ ಗುಮಾಸ್ತರಾಗಿದ್ದು ಅಲ್ಲೇ ಮದುವೆಯಾದವರು. ಅವರು ತೀರಿಕೊಂಡ ಮೇಲೆ, ಅಲ್ಲಿ ತನ್ನವರೆಂಬವರು ಯಾರೂ ಇಲ್ಲದ ಚಿಕ್ಕಮ್ಮ ಆ ದೇಶದ ಪಾಸ್‌ಪೋರ್ಟು, ಈ ದೇಶದ ವೀಸಾ ಹಿಡಿದು ಗುಬ್ಬಿಗೆ ಬಂದಿಳಿದರು. ದೊಡ್ಡಪ್ಪ ಅಂದೇ ಸಕ್ಕರೆ ಡಬ್ಬಕ್ಕೆ ಬೀಗ ಹಾಕಿದರು. "ಟೀ ಬೆಳೆಯೋ ದೇಶದೋರು, ಹೇಳಕ್ಕಾಗಲ್ಲ." ಎಂಟು ವರ್ಷವಾದರೂ ಆ ಬೀಗ ಹಾಗೇ ಇತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿದೇಶೀಯರ ಕಚೇರಿಯಿಂದ ಆದೇಶ ಬಂತು: ವೀಸಾ ರದ್ದಾಗಿದೆ, ತಿಂಗಳೊಳಗೆ ದೇಶ ಬಿಡಿ. ಈಕೆಯ ಹೊಣೆ ಹೊರುವವರು ಇಲ್ಲಿ ಯಾರೂ ಇಲ್ಲವೆಂದು ಯಾರೋ ಮೂಗರ್ಜಿ ಹಾಕಿದ್ದರಂತೆ. ವಿಚಾರಣೆಗೆ ಕರೆದರೂ ಬರಲಿಲ್ಲವೆಂದು ಬೇರೆ ಬರೆದಿತ್ತು.

ಚಿಕ್ಕಮ್ಮ ತಮ್ಮ ಟ್ರಂಕಿನ ಮುಂದೆ ಕೂತುಬಿಟ್ಟರು. "ಅಲ್ಲಿ ಯಾರ ಮನೆ ಬಾಗ್ಲು ತಟ್ಲಪ್ಪ?" ಎಂದು ನನ್ನನ್ನು ಕೇಳಿದರು.

ದೊಡ್ಡಪ್ಪ ಆದೇಶವನ್ನು ಮೂರು ಸಲ ಓದಿ, ಗೋಡೆಯ ಮೊಳೆಯಿಂದ ತಂತಿ ಇಳಿಸಿದರು. ಮನೆಗೆ ಬಂದ ಕಾಗದದ ಜೊತೆ ಅದರ ಕವರನ್ನೂ ಆ ತಂತಿಗೆ ಚುಚ್ಚಿಡುವುದು ಅವರ ಪದ್ಧತಿ. "ಒಳಗಿನ ಕಾಗ್ದ ಏನ್ ಬೇಕಾದ್ರೂ ಬೊಗಳ್ತದೆ ಕಣೋ. ಮೇಲಿನ ಮೊಹರು ಬೊಗಳಲ್ಲ." ಹುಡುಕಿದರೆ ವಿಚಾರಣೆಯ ನೋಟೀಸು ಕವರಿನ ಸಮೇತ ಸಿಕ್ಕೇಬಿಟ್ಟಿತು! ವಿಚಾರಣೆಗೆ ಕರೆದಿದ್ದು ಸೋಮವಾರಕ್ಕೆ. ಕವರಿನ ಮೇಲೆ ಗುಬ್ಬಿ ಅಂಚೆಯ ಮೊಹರು ಬಿದ್ದಿದ್ದು ಅದೇ ವಾರದ ಗುರುವಾರದ ತಾರೀಖಿಗೆ.

ತುಮಕೂರಿನ ವಕೀಲರೊಬ್ಬರು ಹೈಕೋರ್ಟಿಗೆ ರಿಟ್ ಹಾಕಿಸಿದರು. ಕವರನ್ನು ಅವರ ಕೈಗೂ ಕೊಡದೆ ದೊಡ್ಡಪ್ಪ ಬನಿಯನ್ನಿನೊಳಗೆ ಇಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. ಆಕೆಯ ಮಾತು ಕೇಳದೆ ವೀಸಾ ರದ್ದು ಮಾಡಿದ್ದು ತಪ್ಪು, ಕರೆದು ಕೇಳಿ ಮತ್ತೆ ತೀರ್ಮಾನಿಸಿ ಎಂದಿತು ಕೋರ್ಟು. ವಕೀಲರು ಪೇಡಾ ಹಂಚಿದರು.

"ಅಂದ್ರೆ ಆಯಮ್ಮ ಇಲ್ಲೇ ಇರ್ಬೋದಾ?" ದೊಡ್ಡಪ್ಪ ಕೇಳಿದರು.

"ಹಂಗಂತ ಕೋರ್ಟು ಹೇಳಲ್ಲ ಯಜಮಾನ್ರೇ. ಕೇಳ್ದೆ ಕಳಿಸ್ಬೇಡಿ ಅಂತಷ್ಟೇ."

"ಅರ್ಧ ಗೆಲುವಿಗೆ ಇಡೀ ಪೇಡಾ ಯಾಕೆ?" ಎಂದು ಅರ್ಧ ಮುರಿದು ವಾಪಸ್ಸು ಕೊಟ್ಟರು.

ಮತ್ತೆ ವಿಚಾರಣೆಯ ದಿನ ಬಂತು. ಕಚೇರಿಯಲ್ಲಿ ಅಧಿಕಾರಿ ಚಿಕ್ಕಮ್ಮನ ಮಾತೆಲ್ಲ ಕೇಳಿ, "ಇವ್ರ ಹೊಣೆ ಯಾರ್ದು?" ಎಂದು ಮೂರು ಪುಟದ ಮುಚ್ಚಳಿಕೆ ಪತ್ರ ಮುಂದಿಟ್ಟರು. ಮಾರ್ಕ್ಸ್ ಕಾರ್ಡನ್ನೇ ನಂಬದ ಮನುಷ್ಯ ಇದಕ್ಕೆ ರುಜು ಹಾಕುವುದುಂಟೆ?

ದೊಡ್ಡಪ್ಪ ಪೆನ್ನು ತೆಗೆದುಕೊಂಡು ನೇರವಾಗಿ ಕೊನೆಯ ಪುಟ ತಿರುಗಿಸಿದರು.

"ಓದಿ ನೋಡಿ ಸ್ವಾಮಿ," ಎಂದರು ಅಧಿಕಾರಿ.

ದೊಡ್ಡಪ್ಪ ತಲೆ ಎತ್ತಲಿಲ್ಲ. ರುಜು ಹಾಕಿ, ಅಭ್ಯಾಸಬಲದಿಂದ ಕೆಳಗೆ ಏನೋ ಬರೆದು ಪತ್ರವನ್ನು ಅತ್ತ ತಳ್ಳಿದರು. ನಾನು ಬಗ್ಗಿ ನೋಡಿದೆ.

"ಓದಿಲ್ಲ. ಒಪ್ಪಿದ್ದೇನೆ."