ಗಂಗಾಮಣಿ ಅಟ್ಟ ಗುಡಿಸಿದ ದಿನ

ಮಾದೇವಮ್ಮನ ತಟ್ಟೆಯಲ್ಲಿದ್ದ ಅಕ್ಕಿರೊಟ್ಟಿಯ ಮೇಲೆ ಮಸಿಗಟ್ಟಿದ ಇಲ್ಲಣದ ಎಳೆಯೊಂದು ತೇಲಿ ಬಂದು ಕೂರದೆ ಇದ್ದಿದ್ದರೆ ಸುಬ್ಬಯ್ಯನಿಗೆ ಆ ದಿನ ಅಷ್ಟೊಂದು ಫಜೀತಿ ಆಗುತ್ತಿರಲಿಲ್ಲ. ಮಾದೇವಮ್ಮ ಪಕ್ಕದ ಮನೆಯವಳು, ಬೆಳಗಿನ ರೊಟ್ಟಿಗೆ ಸುಬ್ಬಯ್ಯನ ಮನೆಗೆ ಬಂದು ಕೂತಿದ್ದಳು. ಹೊಂಗಡಹಳ್ಳದಲ್ಲಿ ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಆ ಮನೆಯವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಅವಳು ಆ ಕರಿ ಎಳೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಗಂಗಾ, ನಿನ್ ಪೊರಕೆ ಕತ್ತೆತ್ತಿ ಮೇಲಕ್ ನೋಡಿ ಎಷ್ಟ್ ವರ್ಷ ಆಯ್ತೇ?"

ಸುಬ್ಬಯ್ಯನ ಹೆಂಡತಿ ಗಂಗಾಮಣಿಯ ಮುಖ ಕೆಂಪಾಯಿತು. ಯುಗಾದಿಗೆ ಇನ್ನು ನಾಲ್ಕೇ ದಿನ. ನಡುಮನೆ, ಅಡುಗೆಮನೆ, ಜಗಲಿ ಎಲ್ಲ ಸಾರಿಸಿ ಸುಣ್ಣ ಬಳಿದಾಗಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಯಾರೂ ಕೈ ಹಾಕ್ದಿರೋ ಜಾಗಾನೆಲ್ಲ ಇವತ್ತು ತೆಗೀತೀನಿ. ಹಂಡೆ ಹಿಂದೆ, ಬತ್ತದ್ ಪಣತದ ಸಂದಿ, ಒಂದೂ ಬುಡಲ್ಲ. ಮೊದ್ಲು ಅಟ್ಟ."

"ನಾನೂ ಕೈ ಹಾಕ್ತೀನಿ ಬಾ," ಎಂದಳು ಮಾದೇವಮ್ಮ.

ಸುಬ್ಬಯ್ಯ ಬಾಯಿಗೆ ಒಯ್ದ ರೊಟ್ಟಿಯನ್ನು ಮತ್ತೆ ತಟ್ಟೆಗೇ ಇಟ್ಟ. ಅಟ್ಟದ ಹಿಂಬದಿಯ ಮೂಲೆಯಲ್ಲಿ, ಹಳೇ ಕಂಬಳಿಯ ಕೆಳಗೆ, ಒಂದು ಮೂಟೆ ಕಾಫಿ ಇತ್ತು.

ಕಾಫಿ ಬೆಳೆಯುವವನ ಮನೆಯಲ್ಲಿ ಕಾಫಿ ಇದ್ದರೆ ತಪ್ಪೇನು ಎಂದು ಈಗಿನವರು ಕೇಳಬಹುದು. ಆಗ ಬೆಳೆದದ್ದನ್ನೆಲ್ಲ ಸರ್ಕಾರ ನಡೆಸುವ ಪೂಲಿಗೆ ಒಪ್ಪಿಸಬೇಕಿತ್ತು. ಮನೆ ಖರ್ಚಿಗೆಂದು ಬಿಟ್ಟದ್ದಕ್ಕಿಂತ ಹೆಚ್ಚು ಸಿಕ್ಕಿದರೆ ಹಾಸನದ ಕೋರ್ಟು. ಸುಬ್ಬಯ್ಯನದು ಬರೀ ಮೂರೆಕರೆ, ಆದರೆ ನಾಲಗೆ ಮಾತ್ರ ದೊಡ್ಡ ಎಸ್ಟೇಟಿನ ದೊರೆಯದು. ಗಿಡ ನೆಟ್ಟವನು ತಾನು, ಹಣ್ಣು ಕೊಯ್ದವನು ತಾನು, ಕುಡಿಯುವುದು ಮಾತ್ರ ಹುರಿಗಡಲೆ ಬೆರೆಸಿದ ಬಿಸಿನೀರು ಎಂಬ ಸಂಕಟ ತಡೆಯಲಾರದೆ ಈ ವರ್ಷ ಒಂದೇ ಒಂದು ಮೂಟೆ ಬಚ್ಚಿಟ್ಟಿದ್ದ. ಹೆಂಡತಿಗೂ ಹೇಳಿರಲಿಲ್ಲ. ಗಂಗಾಮಣಿಗೆ ಹೇಳುವುದೂ ಒಂದೇ, ಮಾದೇವಮ್ಮನ ಮನೆ ಬಾಗಿಲಿಗೆ ಬರೆದು ಅಂಟಿಸುವುದೂ ಒಂದೇ.

"ಅಟ್ಟ ನಾನ್ ಗುಡಿಸ್ತೀನಿ ಬುಡು," ಎಂದ.

ಗಂಗಾಮಣಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಉಂಡ್ ತಟ್ಟೆ ಎತ್ತಿಡದೋರು ಅಟ್ಟ ಗುಡಿಸ್ತೀರಾ? ಮೈಯಾಗ್ ಉಷಾರೈತಾ?"

ಪೊರಕೆಗೆ ಉದ್ದದ ಗಳ ಕಟ್ಟಲು ಹೆಂಗಸರಿಬ್ಬರೂ ಹಿತ್ತಲಿಗೆ ಹೋದರು. ಸುಬ್ಬಯ್ಯ ಅಟ್ಟ ಹತ್ತಿ, ಮೂಟೆಯನ್ನು ಬೆನ್ನಿಗೆ ಹಾಕಿಕೊಂಡು, ಒಂದೊಂದು ಮೆಟ್ಟಿಲಿಗೂ ದೇವರನ್ನು ನೆನೆಯುತ್ತ ಇಳಿದ. ಬಚ್ಚಲಿಗೆ ಹೋಗಿ ಹಂಡೆಯ ಹಿಂದೆ ತುರುಕಿ ಮೇಲೆ ಸೌದೆ ಪೇರಿಸಿದ. ಏನೂ ಅರಿಯದವನಂತೆ ಜಗಲಿಗೆ ಬಂದು ಕೂತ.

ಒಂದು ಗಂಟೆಯಲ್ಲಿ ಅಟ್ಟ ಕನ್ನಡಿಯಾಯಿತು. ಹತ್ತು ವರ್ಷದ ಮಸಿ ಬುಟ್ಟಿ ಬುಟ್ಟಿಯಾಗಿ ಇಳಿಯಿತು. ಮಾದೇವಮ್ಮ ಕರಿಯ ಮುಖ ಹೊತ್ತು ಇಳಿದು ಬಂದು, "ಈಗ ಬಚ್ಚಲು," ಎಂದಳು.

ಅವರು ಮುಖ ತೊಳೆಯುವಷ್ಟರಲ್ಲಿ ಮೂಟೆ ಬಚ್ಚಲಿಂದ ಪಣತದ ಸಂದಿಗೆ ಹೋಯಿತು. ಬಚ್ಚಲು ಮುಗಿದದ್ದೇ ತಡ, ಭತ್ತದ ಪಣತವನ್ನೇ ಅತ್ತ ಸರಿಸಬೇಕೆಂದು ಮಾದೇವಮ್ಮ ಹಟ ಹಿಡಿದಳು. ಅವರು ಒಳಗೆ ಬರುವ ಮೊದಲೇ ಸುಬ್ಬಯ್ಯ ಮೂಟೆಯನ್ನು ಗೋಡೆಯ ಬದಿಗೆ ಎಳೆದು, ಮೇಲೆ ಕಂಬಳಿ ಹೊದಿಸಿ, ಅದರ ಮೇಲೇ ಕೂತುಬಿಟ್ಟ.

"ಸೊಂಟ ಹಿಡ್ಕಂಡೈತೆ. ಏಳಕ್ಕಾಗಲ್ಲ."

"ಏನ್ ಕೆಲ್ಸ ಮಾಡಿ ಹಿಡ್ಕಂತು ಮಾರಾಯ?" ಎಂದಳು ಮಾದೇವಮ್ಮ. ಅವಳ ಮೂಗು ಒಮ್ಮೆ ಅರಳಿತು. ಸುಬ್ಬಯ್ಯ ಕಂಬಳಿಯ ಅಂಚನ್ನು ಕಾಲಡಿಗೆ ಎಳೆದುಕೊಂಡ. ಪುಣ್ಯಕ್ಕೆ ಅವಳು ಸೀನಿದಳು, ಅಷ್ಟೇ. ಕಸದ ಬುಟ್ಟಿ ಎತ್ತಿಕೊಂಡು ರಸ್ತೆ ಕಡೆ ನಡೆದಳು. ಗಂಗಾಮಣಿ ಕೈ ತೊಳೆಯಲು ಹಿತ್ತಲಿಗೆ ಹೋದಳು.

ಅದೇ ಹೊತ್ತಿಗೆ ಬಿಸ್ಲೆ ರಸ್ತೆಯಲ್ಲಿ ಜೀಪು ಬಂದು ನಿಂತ ಸದ್ದಾಯಿತು. ಸುಬ್ಬಯ್ಯ ಕಿಟಕಿಯಿಂದ ಇಣುಕಿದ. ಪೂಲಿನ ಇನ್ಸ್‌ಪೆಕ್ಟರ್ ಕೃಷ್ಣಪ್ಪ ಇಳಿದಿದ್ದರು. ಮಾದೇವಮ್ಮ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅವರಿಗೆ ಏನೋ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಕೈಯೆತ್ತಿ ಸುಬ್ಬಯ್ಯನ ಮನೆಯ ಮಾಡನ್ನೇ ತೋರಿಸಿದಳು. ಇನ್ಸ್‌ಪೆಕ್ಟರು ತಲೆಯಾಡಿಸಿ ಇತ್ತ ಹೆಜ್ಜೆ ಹಾಕಿದರು.

ಕೋರ್ಟಿನ ಕಟಕಟೆ ಸುಬ್ಬಯ್ಯನ ಕಣ್ಣೆದುರು ಬಂದು ನಿಂತಿತು. ಆದರೆ ಭಯಕ್ಕೂ ಒಂದು ಬುದ್ಧಿ ಇರುತ್ತದೆ. ಗುಡಿಸಿದ ಜಾಗವನ್ನು ಯಾರೂ ಮತ್ತೆ ನೋಡುವುದಿಲ್ಲ ಎಂದು ಅವನಿಗೆ ಹೊಳೆಯಿತು. ಹಿಡಿದುಕೊಂಡಿದ್ದ ಸೊಂಟ ತಾನಾಗಿ ಬಿಟ್ಟಿತು. ಮೂಟೆ ಮತ್ತೆ ಅಟ್ಟದ ಹಿಂಬದಿಯ ಮೂಲೆ ಸೇರಿತು. ಏದುಸಿರು ಬಿಡುತ್ತ ಅವನು ಇಳಿಯುವುದಕ್ಕೂ ಕೃಷ್ಣಪ್ಪ ಒಳಗೆ ಬರುವುದಕ್ಕೂ ಸರಿಹೋಯಿತು.

"ಸುಬ್ಬಯ್ಯನವರೇ, ನಿಮ್ಮ ಅಟ್ಟ ನೋಡ್ಬೇಕಲ್ಲ."

"ಅಟ್ಟದಾಗೇನೈತೆ ಸಾರ್? ಬರೀ ಮಸಿ."

"ಮಸಿ ಎಲ್ಲೈತೆ? ಬೆಳಗ್ಗಿಂದ ನಾವಿಬ್ರೂ ಸಾಯ್ತಾ ಇಲ್ವಾ?" ಎಂದಳು ಗಂಗಾಮಣಿ.

ಕೃಷ್ಣಪ್ಪನವರದು ಬಿಳಿ ಪ್ಯಾಂಟು. ಎರಡು ಮೆಟ್ಟಿಲು ಹತ್ತಿ, ಅಟ್ಟದ ಹಲಗೆಯ ಅಂಚಿಗೆ ಬೆರಳು ಉಜ್ಜಿ ನೋಡಿದರು. ಬೆರಳು ಬಿಳಿಯಾಗಿಯೇ ಇತ್ತು. ಅವರ ಮುಖ ಅರಳಿತು.

"ನಿನ್ನೆ ಆನೆಕಲ್ಲು ಮಳೆಗೆ ನಮ್ಮ ಡಿಪೋ ಹೆಂಚೆಲ್ಲ ಪುಡಿ. ಮೂವತ್ತು ಮೂಟೆ ಕಾಫಿ ಲಾರೀಲೇ ನಿಂತಿದೆ. ಸಂಜೆ ಮತ್ತೆ ಮಳೆ ಬಂದ್ರೆ ನನ್ನ ಕೆಲ್ಸ ಹೋಯ್ತು. ಈ ಊರಲ್ಲಿ ಒಣಗಿರೋ, ಚೊಕ್ಕಟ ಅಟ್ಟ ನಿಮ್ಮದೊಂದೇ ಅಂತ ಆಯಮ್ಮ ಹೇಳಿದ್ರು."

ಬೇಡ ಎನ್ನಲು ಸುಬ್ಬಯ್ಯನಿಗೆ ಕಾರಣ ಹೊಳೆಯಲಿಲ್ಲ. ಇದ್ದ ಒಂದು ಕಾರಣ ಹೇಳುವಂಥದ್ದಲ್ಲ. ಪೂಲಿನ ಕಾಫಿ ಹೊತ್ತಿದ್ದ ಅಬ್ದುಲ್ ರಶೀದನ ಲಾರಿ ಬಾಗಿಲಿಗೆ ಬಂತು. ಆಳುಗಳು ಮೂಟೆ ಹೊತ್ತು ಹತ್ತಿ ಇಳಿದರು. ಒಂದೊಂದು ಮೂಟೆ ದೊಪ್ಪೆಂದಾಗಲೂ ಸುಬ್ಬಯ್ಯ ಕೆಳಗೆ ಕಣ್ಣು ಮುಚ್ಚಿದ. ಕೊನೆಗೆ ಕೃಷ್ಣಪ್ಪ ಮೇಲೆ ಹತ್ತಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ರಶೀದ್, ಎಷ್ಟು ತುಂಬಿದ್ದೆ?"

"ಮೂವತ್ತು ಸಾರ್. ನಾನೇ ನಿಂತು ತುಂಬ್ಸಿದ್ದು."

"ಇಲ್ಲಿ ಮೂವತ್ತೊಂದಿದೆ."

ಎಲ್ಲ ಮೂಟೆಯೂ ಒಂದೇ ನಮೂನೆ, ಎಲ್ಲದರ ಮೇಲೂ ಪೂಲಿನ ಮುದ್ರೆ. ಪೂಲಿನವರು ಕಾಫಿ ತುಂಬಲು ಹಂಚಿದ ಗೋಣಿಯಲ್ಲೇ ಸುಬ್ಬಯ್ಯನೂ ತನ್ನದನ್ನು ತುಂಬಿದ್ದ. ಬೇರೆ ಗೋಣಿ ಕೊಳ್ಳಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಕೃಷ್ಣಪ್ಪ ಅಟ್ಟದಿಂದ ಬಗ್ಗಿ ನೋಡಿದರು. "ಸುಬ್ಬಯ್ಯನವರೇ, ಇದರಲ್ಲಿ ನಿಮ್ಮದೇನಾದ್ರೂ ಉಂಟಾ?"

ನನ್ನದು ಎಂದರೆ ಕೋರ್ಟು, ಅಲ್ಲವೆಂದರೆ ಕಾಫಿ ಹೋಯಿತು. ಸುಬ್ಬಯ್ಯನಿಗೆ ಅಳು ಬಂತು.

"ನಮ್ದೆಲ್ಲ ಶಿವರಾತ್ರಿಗ್ ಮುಂಚೇನೇ ಪೂಲಿಗ್ ಹಾಕ್ಬುಟ್ಟೆ ಸಾರ್."

"ಹಾಗಾದ್ರೆ ರಶೀದನ ಲೆಕ್ಕ ತಪ್ಪು," ಎಂದು ಕೃಷ್ಣಪ್ಪ ಮೂವತ್ತೊಂದು ಎಂದೇ ಬರೆದುಕೊಂಡರು. ಅಟ್ಟದ ಬಾಗಿಲಿಗೆ ಬೀಗ ಬಿತ್ತು, ಬೀಗಕ್ಕೆ ಅರಗಿನ ಸೀಲು ಬಿತ್ತು. ಸೀಲು ಒಡೆದರೆ ತಾನೇ ಹೊಣೆ ಎಂಬ ಕಾಗದಕ್ಕೆ ಸುಬ್ಬಯ್ಯ ರುಜು ಹಾಕಿದ.

"ಇನ್ನು ಪ್ರತಿ ವರ್ಷ ನಿಮ್ಮ ಅಟ್ಟಾನೇ ನಮಗೆ. ನಿಮ್ಮಂಥ ನಂಬಿಗಸ್ತರು ಸಿಗಲ್ಲ ಕಣ್ರೀ," ಎಂದು ಬೆನ್ನು ತಟ್ಟಿದ ಇನ್ಸ್‌ಪೆಕ್ಟರು ಜಗಲಿಯಲ್ಲಿ ಕಾಲು ಚಾಚಿ ಕೂತರು. "ಒಂದು ಲೋಟ ಕಾಫಿ ಕೊಡ್ತೀರೇನಮ್ಮ?"

ಗಂಗಾಮಣಿ ಒಳಗಿನಿಂದ ಗಂಡನಿಗೆ ಖಾಲಿ ಡಬ್ಬಿ ತೋರಿಸಿದಳು. ಸುಬ್ಬಯ್ಯ ಅದನ್ನು ಹಿಡಿದು ಪಕ್ಕದ ಮನೆಗೆ ನಡೆದ.

"ಅಟ್ಟದ್ ತುಂಬ ಕಾಫಿ ಮಡೀಕಂಡು ನನ್ ತಾವ ಬತ್ತೀಯಲ್ಲಪ್ಪ," ಎಂದಳು ಮಾದೇವಮ್ಮ. ಎರಡು ಚಮಚ ಪುಡಿ ಹಾಕಿ, ಮೂರನೆಯದನ್ನು ವಾಪಸು ತನ್ನ ಡಬ್ಬಿಗೇ ಸುರಿದುಕೊಂಡಳು.