ಗಾದಿ ನೋಡಲು ಹೋದವರು

ಬೆನ್ನುನೋವಿನ ಮನುಷ್ಯನಿಗೆ ಯಾರೂ ಮರುಗುವುದಿಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ; ಕೈ ಮುರಿದರೆ ಬಿಳಿಯ ಪಟ್ಟಿಯನ್ನಾದರೂ ತೋರಿಸಬಹುದು. ಬೆನ್ನುನೋವಿಗೆ ಸಾಕ್ಷಿಯೇ ಇಲ್ಲ. ಊಟಕ್ಕೆ ಕೂತಾಗ ಎಲ್ಲರಂತೆ ಉಣ್ಣುತ್ತೇವೆ, ಏಳುವಾಗ ಮಾತ್ರ "ಯವ್ವಾ" ಅನ್ನುತ್ತೇವೆ. ನೋಡಿದವರಿಗೆ ಅದು ತಾಟು ಎತ್ತುವುದನ್ನು ತಪ್ಪಿಸಿಕೊಳ್ಳುವ ಉಪಾಯವಾಗಿ ಕಾಣುತ್ತದೆ. ಗ್ಯಾಸ್ ಸಿಲಿಂಡರ್ ಬಂದ ದಿನವೇ ನನ್ನ ಬೆನ್ನು ಹಿಡಿದುಕೊಳ್ಳುತ್ತದೆ ಎಂಬುದು ನನ್ನ ಹೆಂಡತಿ ಶಾಂತಾಳ ಬಲವಾದ ನಂಬಿಕೆ.

ನಾನು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ದಿವಾನಜಿ, ಅಂದರೆ ಲೆಕ್ಕ ಬರೆಯುವವನು. ಕಂಪ್ಯೂಟರ್ ಬಂದರೂ ನಮ್ಮ ಮಾಲಕರು ಗಾದಿ, ಲೋಡು ಬಿಟ್ಟಿಲ್ಲ. ಕಂಪ್ಯೂಟರನ್ನೂ ಒಂದು ಗಿಡ್ಡ ಡೆಸ್ಕಿನ ಮೇಲೆ ಗಾದಿಯಲ್ಲೇ ಕೂರಿಸಿದ್ದಾರೆ. ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಬಗ್ಗಿ ಕೂತು ಕೂತು ನನ್ನ ಬೆನ್ನು ಹೀಗಾಯಿತು. ಅದರ ಮೇಲೆ ಸೀನು. ಬೆನ್ನುನೋವಿನವನು ಸೀನಬಾರದು, ಸೀನಿದರೆ ಸೊಂಟದಿಂದ ಹಿಮ್ಮಡಿಯವರೆಗೆ ಕರೆಂಟು ಹರಿಯುತ್ತದೆ. ಮೆಣಸಿನಕಾಯಿ ಪೇಟೆಯಲ್ಲಿ ಕೂತು ಸೀನದೆ ಇರುವುದು ಹೇಗೆ?

ರಾಣೆಬೆನ್ನೂರಿನ ಡಾಕ್ಟರರೊಬ್ಬರು ಗಟ್ಟಿ ಹಾಸಿಗೆ ಅಂದರು. ಹಲಗೆಯ ಮೇಲೆ ಮಲಗಿದೆ; ಭುಜವೂ ನೋಯತೊಡಗಿತು. ಮೇಡ್ಲೇರಿಯಿಂದ ಬಂದ ಶಾಂತಾಳ ತಮ್ಮ, "ಹೊಳಿ ಉಸುಕಿನ್ಯಾಗ ಮಲಕೋರಿ ಮಾವಾರ, ಮೈ ಹೆಂಗೈತಿ ಹಂಗ ತಗ್ಗ ಬೀಳತೈತಿ" ಎಂದ. ಹಾಗೆ ಮಲಗಿದರೆ ನನ್ನನ್ನು ಯಾರಾದರೂ ಹೂತುಬಿಟ್ಟಾರು ಎಂದು ಹೆದರಿ ಬಿಟ್ಟೆ. ದಿಂಬುಗಳದ್ದು ಬೇರೆಯೇ ಗೋಳು. ಎತ್ತರದ ದಿಂಬಿಗೆ ಕುತ್ತಿಗೆ ಹಿಡಿಯುತ್ತಿತ್ತು, ತೆಳ್ಳನೆಯದಕ್ಕೆ ತಲೆ ಭಾರ. ಮೊಣಕಾಲ ಕೆಳಗೊಂದು, ಸೊಂಟಕ್ಕೊಂದು, ಕೌದಿ ಮಡಚಿ ಪಕ್ಕಕ್ಕೊಂದು. ಕೊನೆಗೆ ಮಂಚದ ಮೇಲೆ ದಿಂಬುಗಳಿಗೆ ಜಾಗ ಸಿಕ್ಕು, ಶಾಂತಾ ಚಾಪೆ ಹಾಸಿಕೊಂಡು ನೆಲಕ್ಕೆ ಇಳಿದಳು.

ಆ ಡಾಕ್ಟರರ ದವಾಖಾನೆಯಲ್ಲೇ ನನಗೆ ಖಾದರಸಾಬರು ಸಿಕ್ಕಿದ್ದು. ಬೆಂಚು ಖಾಲಿಯಿದ್ದರೂ ಗೋಡೆಗೆ ಒರಗಿ ನಿಂತಿದ್ದರು. "ಕುಂದ್ರಂಗಿಲ್ಲೇನ್ರಿ?" ಎಂದೆ.

"ಕುಂತ್ರ ಏಳಾಕ ಬರಂಗಿಲ್ರಿ, ನಿಂತ್ರ ಕುಂದ್ರಾಕ ಬರಂಗಿಲ್ಲ" ಎಂದರು.

ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಷ್ಟು ವರ್ಷ ನಾನು ಹೇಳಬೇಕೆಂದಿದ್ದ ಮಾತನ್ನು ಈ ಮನುಷ್ಯ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದರು. ಅವರು ಬಸ್ಸು ಓಡಿಸಿ ನಿವೃತ್ತರಾದವರು, ಮನೆ ನಮ್ಮೂರಿನಲ್ಲೇ, ರೈಲು ನಿಲ್ದಾಣದ ಹಿಂದೆ. ಅಂದಿನಿಂದ ಸಂಜೆ ಅಂಗಡಿ ಬಿಟ್ಟು ನೇರ ನಿಲ್ದಾಣಕ್ಕೆ ಹೋಗುತ್ತಿದ್ದೆ. ಪ್ಲಾಟ್‌ಫಾರ್ಮಿನ ಮೇಲೆ ಅಡ್ಡಾಡುತ್ತ ನಾವು ಬೆನ್ನಿನ ಬಗ್ಗೆ ಮಾತಾಡುತ್ತಿದ್ದೆವು. ಬೇರೆಯವರು ಮಕ್ಕಳ ಬಗ್ಗೆ ಮಾತಾಡುವಷ್ಟು ಅಕ್ಕರೆಯಿಂದ. "ನಿಮ್ದೂ ನಂದೂ ಒಂದ ಬ್ಯಾನಿ, ದಿವಾನ್ರ" ಎನ್ನುತ್ತಿದ್ದರು ಅವರು.

ಒಮ್ಮೆ ಇಬ್ಬರೂ ಗಾದಿ ನೋಡಲು ಬಸ್ಸು ಹತ್ತಿ ಹಾವೇರಿಗೆ ಹೊರಟೆವು. ದಾರಿಯುದ್ದಕ್ಕೂ ಖಾದರಸಾಬರು ಡ್ರೈವರನನ್ನೇ ನೋಡುತ್ತಿದ್ದರು. "ಗೇರ್ ಹಾಕೂದು ನೋಡ್ರಿ. ಇಂವ ಹಲ್ಲ ಕೀಳೂ ಡಾಕ್ಟರ್ ಆಗಬೇಕಿತ್ತು." ಹಾವೇರಿಯ ಗಾದಿ ಅಂಗಡಿಯವರು ಬಹಳ ಮರ್ಯಾದೆಯ ಮನುಷ್ಯ, "ಚಪ್ಪಲಿ ಬಿಟ್ಟು ಆರಾಮ ಮಲಗಿ ನೋಡ್ರಿ" ಎಂದರು. ಮಲಗಿದೆವು, ಅಕ್ಕಪಕ್ಕ. ಸ್ಪ್ರಿಂಗಿನ ಗಾದಿಯಲ್ಲಿ ಅವರು ಹೊರಳಿದರೆ ನಾನು ಹಾರುತ್ತಿದ್ದೆ. ಬರೀ ಫೋಮಿನದರಲ್ಲಿ ಇಬ್ಬರೂ ಕುಸಿದು, ಏಳಿಸಲು ಅಂಗಡಿಯವರೇ ಕೈ ಕೊಡಬೇಕಾಯಿತು. ಕಡೆಗೆ ಕೆಳಗೆ ತೆಂಗಿನ ನಾರು, ಮೇಲೆ ತೆಳ್ಳಗೆ ಫೋಮು ಇದ್ದ ಗಾದಿ. "ಇದು ಹೆಂಗ ಅನಸ್ತೈತ್ರಿ?" ಎಂದು ಕೇಳಿದೆ. ಖಾದರಸಾಬರು ಗೊರಕೆ ಹೊಡೆಯುತ್ತಿದ್ದರು.

ಎಬ್ಬಿಸಲು ಹೋದೆ. ಅಂಗಡಿಯವರು ತಡೆದರು. "ಇರಲಿ ಬಿಡ್ರಿ, ಇದಕ್ಕಿಂತ ಛಲೋ ಜಾಹೀರಾತು ನನಗ ಎಲ್ಲಿ ಸಿಗಬೇಕು?" ಮದುವೆಗೆ ಮಂಚ, ಗಾದಿ ಕೊಳ್ಳಲು ಬಂದಿದ್ದ ಒಬ್ಬ ಹೆಣ್ಣುಮಗಳು ಅವರನ್ನು ನೋಡಿ, "ಇವರೂ ಗಾದಿ ಜೋಡಿ ಬರ್ತಾರೇನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಎಚ್ಚರವಾದಾಗ ಖಾದರಸಾಬರು ನಗಲಿಲ್ಲ. ನಾಚಿಕೊಂಡು, ಟೊಪ್ಪಿಗೆ ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ದಿವಾನ್ರ, ಹಿಂಗ ನಿದ್ದಿ ಮಾಡಿ ಭಾಳ ದಿನಾ ಆಗಿತ್ತ ನೋಡ್ರಿ."

ಇಬ್ಬರೂ ಅದೇ ಗಾದಿ ಕೊಂಡೆವು. ನನ್ನ ಬೆನ್ನು ಅರ್ಧಕ್ಕರ್ಧ ಸುಧಾರಿಸಿತು. ಅವರದು ಸುಧಾರಿಸಲಿಲ್ಲ. ಗಾದಿಯನ್ನು ತಲೆಕೆಳಗು ಮಾಡಲು ಹೇಳಿದೆ, ಎಡಮಗ್ಗುಲಾಗಲು ಹೇಳಿದೆ, ನನ್ನ ಮನೆಯ ದಿಂಬೊಂದನ್ನು ಒಯ್ದು ಕೊಟ್ಟೆ. ಅವರ ಅಂಗಿ ದಿನದಿನಕ್ಕೆ ದೊಡ್ಡದಾಗುತ್ತಿತ್ತು. "ತೆಳ್ಳಗಾದ್ರ ಬೆನ್ನಿಗೆ ಛಲೋನ ರೀ" ಎಂದು ನಾನೇ ಧೈರ್ಯ ಹೇಳಿದೆ. ಅವರ ಹೆಂಡತಿ ಮುಮ್ತಾಜ್ ಭಾಭಿಗೆ ಮಾತ್ರ ಅನುಮಾನ. ಹಟ ಹಿಡಿದು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು.

ತಿರುಗಿ ಬಂದ ಸಂಜೆ ಖಾದರಸಾಬರು ಪ್ಲಾಟ್‌ಫಾರ್ಮಿಗೆ ಬಂದರು. ಅಡ್ಡಾಡಲಿಲ್ಲ, ಬೆಂಚಿನ ಮೇಲೆ ಕೂತರು.

"ದಿವಾನ್ರ, ನಿಮ್ದೂ ನಂದೂ ಒಂದ ಬ್ಯಾನಿ ಅಲ್ಲಂತ್ರಿ."

"ಮತ್ತ?"

"ಕ್ಯಾನ್ಸರ್ ಅಂತ. ಎಲ್ಲಿಂದೋ ಹೊಂಟು ಈಗ ಬೆನ್ನೆಲುವಿಗೆ ಬಂದು ಮುಟ್ಟೇತಂತ." ನನ್ನ ಕಡೆ ತಿರುಗಿ, "ಗಾದೀದು ಏನೂ ತಪ್ಪಿಲ್ರಿ. ಆ ಅಂಗಡ್ಯಾವ್ರಿಗೆ ಬೈಬ್ಯಾಡ್ರಿ ಮತ್ತ" ಎಂದರು.

ಅವರ ಕೈ ಹಿಡಿದು ಎಬ್ಬಿಸಿ, ಮನೆಯವರೆಗೆ ಬಿಟ್ಟು ಬಂದೆ.

ಆಮೇಲೆ ನಮ್ಮ ಸಂಜೆಗಳು ಅವರ ಮನೆಗೆ ಬಂದವು. ಗಟ್ಟಿ ಗಾದಿ ಈಗ ಅವರಿಗೆ ಚುಚ್ಚುತ್ತಿತ್ತು. ಭಾಭಿ ಮನೆಯ ದಿಂಬುಗಳನ್ನೆಲ್ಲ ತಂದು ರಾಶಿ ಹಾಕುತ್ತಿದ್ದರು. ನಾನು ಮೊಣಕಾಲ ಕೆಳಗೊಂದು, ಬೆನ್ನ ಹಿಂದೊಂದು, ಮೊಣಕೈಗೆ ಸಣ್ಣದೊಂದು ಇಟ್ಟು, ತೆಗೆದು, ಮತ್ತೆ ಇಡುತ್ತಿದ್ದೆ. "ಹೆಂಗೈತ್ರಿ?" ಎಂದರೆ, "ಈಗ ಬರೋಬ್ಬರಿ ಆತ ನೋಡ್ರಿ" ಎನ್ನುತ್ತಿದ್ದರು. ಬರೋಬ್ಬರಿ ಆಗಿರಲಿಲ್ಲ. ನನಗೂ ಗೊತ್ತಿತ್ತು, ಭಾಭಿಗೂ ಗೊತ್ತಿತ್ತು. ಬಂದವನಿಗೆ ಕೈಗೊಂದು ಕೆಲಸವಿರಲಿ ಎಂದು ಖಾದರಸಾಬರು ಹಾಗೆನ್ನುತ್ತಿದ್ದರು.

ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಇಡಲು ಜಾಗವಿಲ್ಲದ ಸುಗ್ಗಿಯ ದಿನಗಳಲ್ಲಿ ಅವರು ತೀರಿಕೊಂಡರು. ಮಾಲಕರಿಗೆ ಹೇಳಿ ಖಬರಸ್ತಾನಕ್ಕೆ ಹೋದೆ. ಅವರನ್ನು ಬಲಮಗ್ಗುಲಾಗಿ, ಬರಿಯ ಮಣ್ಣಿನ ಮೇಲೆ ಮಲಗಿಸಿದರು. ದಿಂಬಿರಲಿಲ್ಲ. ನಾನು ಸುಮ್ಮನೆ ಕೈಕಟ್ಟಿ ನಿಂತಿದ್ದೆ.

ಅಂದಿನಿಂದ ನಾನು ಮನೆಯಲ್ಲಿ ಬೆನ್ನಿನ ಮಾತು ಎತ್ತಲಿಲ್ಲ. ಹಾಗಾಗಿ ಹೊಸ ಗಾದಿಯಿಂದ ನನ್ನ ಬೆನ್ನುನೋವು ಪೂರ್ತಿ ವಾಸಿಯಾಯಿತೆಂದು ಶಾಂತಾ ತೀರ್ಮಾನಿಸಿದಳು, ಓಣಿಗೆಲ್ಲ ಹೇಳಿದಳು. ಈಗ ಸೊಂಟ ಹಿಡಿದವರು, ಕುತ್ತಿಗೆ ಹಿಡಿದವರು ನಮ್ಮ ಮನೆಗೆ ಬಂದು ನನ್ನ ಹಾಸಿಗೆಯ ಮೇಲೆ ಮಲಗಿ ನೋಡುತ್ತಾರೆ. ನಾನು ಪ್ರತಿಯೊಬ್ಬರಿಗೂ ಹೇಳುವುದು ಒಂದೇ: "ಗಾದಿ ಆಮ್ಯಾಲ ತಗೋರಿ, ಮೊದಲ ದವಾಖಾನಿಗೆ ಹೋಗಿ ಬೆನ್ನಿನ ಸ್ಕ್ಯಾನಿಂಗ್ ಮಾಡಸ್ರಿ." ಗಾದಿ ಕೇಳಲು ಬಂದವರಿಗೆ ಈ ಮಾತು ರುಚಿಸುವುದಿಲ್ಲ.

ಮೊನ್ನೆ ಶಾಂತಾ ಬಂದು, "ಖರೇ ಹೇಳ್ರಿ, ಸ್ಕ್ಯಾನಿಂಗ್‌ನವರು ನಿಮಗ ಕಮಿಷನ್ ಕೊಡ್ತಾರಂತ ಹೌದೇನ್ರಿ? ಓಣ್ಯಾಗೆಲ್ಲ ಅನ್ನಾಕತ್ತಾರ" ಎಂದಳು. ನಗು ಬಂತು. ಜೋರಾಗಿ ನಕ್ಕೆ, ಬೆನ್ನು ಹಿಡಿದುಕೊಂಡಿತು, ಗೋಡೆಗೆ ಕೈಕೊಟ್ಟು ನಿಂತೆ.

"ಅಯ್ಯ, ಇನ್ನೂ ಐತೇನ್ರಿ? ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಯಾರ ಮುಂದ ಹೇಳ್ಲಿ?" ಎಂದೆ.

ಅವಳು ಒಳಗೆ ಹೋಗಿ ಒಲೆ ಆರಿಸಿ ಬಂದು, ಎದುರಿಗೆ ಕೂತು, "ನನ್ನ ಮುಂದ ಹೇಳ್ರಿ" ಎಂದಳು.

ಹೇಳಲು ಶುರು ಮಾಡಿದೆ. ಆದರೆ ನೋಡಿ, ಪ್ಲಾಟ್‌ಫಾರ್ಮಿನ ಮೇಲೆ ಖಾದರಸಾಬರ ಜೊತೆ ಎಷ್ಟು ಸಂಜೆ ಅಡ್ಡಾಡಿದರೂ ಮುಗಿಯದಿದ್ದ ನನ್ನ ಬೆನ್ನಿನ ಕತೆ, ಕೇಳುವವರು ಎದುರಿಗೇ ಕೂತಿದ್ದರೂ, ಎರಡು ಮಾತಿಗೇ ಮುಗಿದುಹೋಯಿತು.