ಆಮೆಗೆ ಅಡ್ಡ ನಿಂತ ಕಾಲಯಂತ್ರ

‘ಆಮೆಗಾಗಿ ಮುನ್ನೂರು ವರ್ಷ’ ಎಂಬ ಚಲನಚಿತ್ರವನ್ನು ತಯಾರಿಸಿ ಮನುಕುಲಕ್ಕೂ ಆಮೆಕುಲಕ್ಕೂ ಏಕಕಾಲದಲ್ಲಿ ಉಪಕಾರ ಮಾಡಿರುವ ಕಂಪನಿಯ ಮಾಲೀಕರ ಸನ್ನಿಧಾನಕ್ಕೆ, ಅದೇ ಚಿತ್ರದಲ್ಲಿ ಕಾಣುವ ಕೆರೆಯ ದಂಡೆಯಲ್ಲಿ ಲಾಂಡ್ರಿ ನಡೆಸುವ ಹೆಂಗಸು ಊರವರೆಲ್ಲರ ಎದುರಿಗೇ ಮಾಡುವ ಬಹಿರಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬುವುದೇನು ಬಂತು, ‘ವನ್ಯಜೀವಿಗಳ ಆಪ್ತಮಿತ್ರ’ ಎಂಬ ಫಲಕವನ್ನು ಎದೆಗವಚಿಕೊಂಡು ತಾವು ನಗುತ್ತಿರುವ ಫೋಟೋವನ್ನು ಮೊನ್ನೆ ಪತ್ರಿಕೆಯಲ್ಲಿ ಕಣ್ಣಾರೆ ಕಂಡೆ. ಅಷ್ಟಗಲ ಬಾಯಿ ತೆರೆದು ನಗುವವರ ಕ್ಷೇಮಕ್ಕೆ ಏನು ಕೊರತೆಯಿದ್ದೀತು! ತಮ್ಮ ಕೋಟಿನ ಎಡತೋಳಿಗೆ ಇಸ್ತ್ರಿ ಸರಿಯಾಗಿ ಬಿದ್ದಿಲ್ಲವೆಂದು ನಮ್ಮ ಯಜಮಾನರು ತೋರಿಸಿಕೊಟ್ಟರು, ಆದರೆ ನಾನು ಬರೆಯುತ್ತಿರುವುದು ಆ ವಿಷಯಕ್ಕಲ್ಲ.

ಮೊದಲಿಗೆ ತಮ್ಮ ಚಿತ್ರವನ್ನು ಹೊಗಳಬೇಕು, ಏಕೆಂದರೆ ನಾವು ಮನೆಮಂದಿಯೆಲ್ಲ ಅಂಗಡಿಗೆ ಬೀಗ ಹಾಕಿಕೊಂಡು ಹೋಗಿ ಅದನ್ನು ನೋಡಿಬಂದಿದ್ದೇವೆ. ಮುನ್ನೂರು ವರ್ಷಗಳಾಚೆ ಭೂಮಿಯ ಮೇಲೆ ಒಂದು ಆಮೆಯೂ ಉಳಿದಿಲ್ಲವಂತೆ. ಅದಕ್ಕಾಗಿ ಒಬ್ಬ ಡಾಕ್ಟರಮ್ಮನೂ ಅವಳ ಪೆದ್ದ ಸಹಾಯಕನೂ ಕಾಲಯಂತ್ರ ಹತ್ತಿ ನಮ್ಮ ಕಾಲಕ್ಕೆ, ಅದರಲ್ಲೂ ಹುಡುಕಿಕೊಂಡು ನಮ್ಮ ಕೆರೆಗೇ ಬಂದು, ದುಷ್ಟ ಕಂಟ್ರಾಕ್ಟರನೊಬ್ಬ ದಂಡೆಗೆ ಕಾಂಕ್ರೀಟು ಸುರಿಯುವ ಮೊದಲೇ ಆಮೆಯ ಮೊಟ್ಟೆಗಳನ್ನು ಕಾಪಾಡುತ್ತಾರಂತೆ. ಸಹಾಯಕ ತಪ್ಪು ಗುಂಡಿ ಒತ್ತಿ ತನ್ನದೇ ಮುತ್ತಜ್ಜನ ಮದುವೆಯೊಳಗೆ ಹೋಗಿ ಬೀಳುವ ಕಡೆ ನಾನು ನಕ್ಕ ನಗೆಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಕೊನೆಯಲ್ಲಿ ತಾಯಿ ಆಮೆ ಕಣ್ಣೀರಿಟ್ಟಾಗ ನಮ್ಮ ಅತ್ತೆಯವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಆ ಆಮೆ ಪ್ಲಾಸ್ಟಿಕ್ಕಿನದೆಂದೂ, ಅದರ ಹೊಟ್ಟೆ ಬಿಚ್ಚಿ ಬ್ಯಾಟರಿಯನ್ನು ಚಾರ್ಜಿಗೆ ಹಾಕುತ್ತಿದ್ದದ್ದು ನಮ್ಮ ಲಾಂಡ್ರಿಯ ಪ್ಲಗ್ಗಿಗೇ ಎಂದೂ ಅವರಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಬಿಕ್ಕಿದರು. ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ತಮಗೆ ಯಾರೂ ಕೊಡಲಾರರು.

ತಮ್ಮ ಕಂಪನಿಯ ಶಿಸ್ತನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಚಿತ್ರೀಕರಣದ ದಿನಗಳಲ್ಲಿ ತಮ್ಮವರ ಬಟ್ಟೆಯೆಲ್ಲ ಒಗೆಯಲು ನಮ್ಮಲ್ಲಿಗೇ ಬರುತ್ತಿತ್ತಷ್ಟೆ. ಒಂದು ದಿನ ಸಹಾಯಕನ ಪಾತ್ರದವರ ಬಿಳಿ ಅಂಗಿ ಬಂತು, ಎದೆಯ ಮೇಲೆ ಅಂಗೈಯಗಲ ಕೆಸರು. ನಮ್ಮ ಯಜಮಾನರು ಕಲೆ ಕಂಡ ಮೇಲೆ ಕೈ ಕಟ್ಟಿ ಕೂರುವವರಲ್ಲ. ಬ್ರಷ್ಷು ಹಿಡಿದು, ಸೋಪು ಹಚ್ಚಿ, ನೆನೆಸಿ, ಹಿಂಡಿ, ಮತ್ತೆ ನೆನೆಸಿ, ಅಂಗಡಿಯಿಂದ ಆಗ ತಾನೇ ತಂದದ್ದೇನೋ ಎನ್ನುವಷ್ಟು ಬೆಳ್ಳಗೆ ಮಾಡಿ, ಕಾಗದದಲ್ಲಿ ಸುತ್ತಿ, ಶಭಾಷ್ ಎನ್ನಿಸಿಕೊಳ್ಳುವ ಆಸೆಯಿಂದ ತಾವೇ ಹೊತ್ತುಕೊಂಡು ಹೋದರು. ಕಾಗದ ಬಿಚ್ಚಿದ ತಮ್ಮ ಮ್ಯಾನೇಜರು “ಅಯ್ಯೋ ಯಜಮಾನ್ರೇ, ಕೆಸರು ತೆಗೆದೇಬಿಟ್ರಾ! ಇನ್ನೂ ಅರ್ಧ ಸೀನು ಬಾಕಿ ಇದೆಯಲ್ರೀ!” ಎಂದು ತಲೆಯ ಮೇಲೆ ಕೈ ಹೊತ್ತು ಕೂತರಂತೆ. ದೃಶ್ಯದ ಮೊದಲರ್ಧದಲ್ಲಿ ಏನೇನು ಎಲ್ಲೆಲ್ಲಿತ್ತೋ ಉಳಿದರ್ಧದಲ್ಲೂ ಅದದು ಅಲ್ಲಲ್ಲೇ ಇರಬೇಕಂತೆ, ಇದಕ್ಕೆ ಕಂಟಿನ್ಯೂಟಿ ಎಂದು ಹೆಸರಂತೆ. ಆಮೇಲೆ ಕೆರೆಯಿಂದ ಒಂದು ಬಕೆಟ್ಟು ಕೆಸರು ತರಿಸಿ, ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು, ಅದೇ ಜಾಗಕ್ಕೆ, ಅದೇ ಆಕಾರಕ್ಕೆ, ಜೇಬಿನ ಕೆಳಗೆ ಇಳಿದಿದ್ದ ಸಣ್ಣ ಗೆರೆಯನ್ನೂ ಬಿಡದೆ ಮತ್ತೆ ಬಳಿಸಿದರು. ಬಳಿದವರು ನಮ್ಮ ಯಜಮಾನರೇ. ಜೀವಮಾನವೆಲ್ಲ ಕೊಳೆ ತೆಗೆದ ಕೈಯಿಂದ ಕೊಳೆ ಹಚ್ಚಿ ಬಂದ ಆ ಸಂಜೆ ಅವರು ಊಟಕ್ಕೆ ಕೂರುವ ಮೊದಲು ಮೂರು ಸಲ ಕೈ ತೊಳೆದುಕೊಂಡರು.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಕೆರೆಗೆ ಮೂರು ಕಡೆ ಕಲ್ಲು ಕಟ್ಟಿದ್ದಾರೆ. ನಾಲ್ಕನೆಯ ಕಡೆ, ಎಂದರೆ ನಮ್ಮ ಹಿತ್ತಲಿಗೆ ತಾಗಿದ ಇಳಿಜಾರಿನಲ್ಲಿ ಮಾತ್ರ ಮೆತ್ತನೆಯ ಮಣ್ಣಿತ್ತು. ನಾನು ಸೊಸೆಯಾಗಿ ಈ ಮನೆಗೆ ಬಂದಾಗಿನಿಂದ ನೋಡುತ್ತಿದ್ದೇನೆ, ವರ್ಷ ವರ್ಷವೂ ಮಳೆ ನಿಂತು ನೆಲ ಆರುವ ಹೊತ್ತಿಗೆ ಒಂದು ಆಮೆ ನೀರಿನಿಂದೆದ್ದು ಬಂದು, ಅಲ್ಲೇ ಗುಂಡಿ ತೋಡಿ, ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತದೆ. ಇದು ಬ್ಯಾಟರಿಯಿಲ್ಲದ ಆಮೆ. ಚಿಪ್ಪಿನ ಅಂಚು ಒಂದು ಕಡೆ ಮುಕ್ಕಾಗಿರುವುದರಿಂದ ಗುರುತು ತಪ್ಪುವುದಿಲ್ಲ, ನಮ್ಮ ಅತ್ತೆಯವರು ಅದನ್ನು ‘ದೊಡ್ಡಮ್ಮ’ ಎಂದೇ ಕರೆಯುತ್ತಾರೆ. ಆ ಮಣ್ಣಿನ ಮೇಲೆಯೇ ತಾವು ಕಾಲಯಂತ್ರ ಓಲಾಡಬಾರದೆಂದು ಕಾಂಕ್ರೀಟು ಹಾಸಿ, ವ್ಯಾನುಗಳು ಹೂತುಕೊಳ್ಳಬಾರದೆಂದು ಸುತ್ತಲೂ ಜಲ್ಲಿ ಸುರಿದು, ಕೆಲಸ ಮುಗಿದ ಮೇಲೆ ಯಂತ್ರವನ್ನೂ ಅಲ್ಲೇ ಬಿಟ್ಟು ಹೋದಿರಿ. ದುಷ್ಟ ಕಂಟ್ರಾಕ್ಟರನ ಪಾತ್ರಕ್ಕೆಂದು ತಾವು ಬೇರೆ ನಟನನ್ನು ಕರೆಸಿ ಸುಮ್ಮನೆ ಯಾಕೆ ದಂಡ ಮಾಡಿಕೊಂಡಿರೋ ನನಗಿನ್ನೂ ಅರ್ಥವಾಗಿಲ್ಲ.

ಕಳೆದ ವರ್ಷ ದೊಡ್ಡಮ್ಮ ಬಂತು. ಸಂಜೆ ಸಂಜೆಯೂ ಬಂದು ಕಾಂಕ್ರೀಟಿನ ಸುತ್ತ ತಿರುಗಿ, ಅಲ್ಲಲ್ಲಿ ಉಗುರಿನಿಂದ ಕೆರೆದು ನೋಡಿ, ನೀರಿಗೆ ವಾಪಸಾಗುತ್ತಿತ್ತು. ಬಾಡಿಗೆಗೆ ಹಿಡಿದ ಮನೆಗಲ್ಲ, ತಾನು ಹುಟ್ಟಿದ ಮನೆಗೇ ಬೇರೆಯವರು ಬೀಗ ಜಡಿದಂತಾಗಿತ್ತು ಅದಕ್ಕೆ. ಕೊನೆಗೊಂದು ದಿನ ಬೆಳಿಗ್ಗೆ ನಾನು ಬಟ್ಟೆ ಒಣಹಾಕಲು ಹಿತ್ತಲ ಬಾಗಿಲು ತೆರೆಯುವಷ್ಟರಲ್ಲಿ ಕಾಗೆಗಳು ಎಲ್ಲವನ್ನೂ ಮುಗಿಸಿದ್ದವು. ಪಾಪದ್ದು, ತಡೆಯಲಾರದೆ ಜಲ್ಲಿಯ ಮೇಲೆಯೇ ಮೊಟ್ಟೆಯಿಟ್ಟಿತ್ತು. ಹಿಂಗಾಲಿನಿಂದ ಜಲ್ಲಿಕಲ್ಲನ್ನೇ ಎಳೆದೆಳೆದು ಮುಚ್ಚಲು ನೋಡಿದ ಗುರುತು ಅಲ್ಲಿ ಹಾಗೇ ಇತ್ತು, ಉಳಿದದ್ದು ಬರೀ ಸಿಪ್ಪೆ. ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡೇ ನಾನು ಕಣ್ಣೀರು ಹಾಕಿದೆ. ಆ ಹೊತ್ತಿಗೆ ತಮ್ಮ ಮೇಲೆ ಬಂದ ಸಿಟ್ಟನ್ನು ಗೌರವಪೂರ್ವಕವಾಗಿ ಹೇಳುವ ಶಬ್ದಗಳು ನನಗೆ ಗೊತ್ತಿಲ್ಲವಾದ್ದರಿಂದ ಇಲ್ಲಿ ಬರೆದಿಲ್ಲ.

ಈಗ ಮತ್ತೆ ಅದೇ ಕಾಲ ಬಂದಿದೆ. ದೊಡ್ಡಮ್ಮ ಮೊನ್ನೆಯೂ ಬಂದು ಸುತ್ತಿ ಹೋಯಿತು, ನಿನ್ನೆಯೂ ಬಂದು ಸುತ್ತಿ ಹೋಯಿತು. ಊರಿನ ಕಚೇರಿಯಲ್ಲಿ ಕೇಳಿದರೆ ಅದು ಸಿನಿಮಾದವರ ಸ್ವತ್ತು, ಅವರನ್ನೇ ಕೇಳಿ ಎಂದರು. ತಮ್ಮ ಮ್ಯಾನೇಜರಿಗೆ ಫೋನು ಮಾಡಿದೆ. “ಅಕ್ಕಾ, ಎರಡನೇ ಭಾಗ ಬರ್ತಾ ಇದೆ, ಅದರಲ್ಲೂ ಯಂತ್ರ ಅಲ್ಲೇ ಇಳೀಬೇಕು, ಒಂದು ಜಲ್ಲಿಕಲ್ಲು ಆಚೀಚೆ ಆದ್ರೂ ಕಂಟಿನ್ಯೂಟಿ ಕೆಡತ್ತೆ, ಆಮೆಗೇನಕ್ಕಾ, ಬೇರೆ ಕಡೆ ಇಡತ್ತೆ ಬಿಡಿ” ಎಂದು ಬಹಳ ಪ್ರೀತಿಯಿಂದ ಹೇಳಿ, “ಎರಡನೇ ಭಾಗದ ಬಟ್ಟೆಯೆಲ್ಲ ನಿಮಗೇ ಕೊಡೋಣ ಅಂತಿದ್ವಿ, ಸುಮ್ನೆ ಯಾಕೆ ರಗಳೆ” ಎಂದು ಅದಕ್ಕಿಂತಲೂ ಪ್ರೀತಿಯಿಂದ ಸೇರಿಸಿದರು. ಈ ಎರಡನೆಯ ಮಾತು ಕಿವಿಗೆ ಬಿದ್ದಾಗಿನಿಂದ ನಮ್ಮ ಯಜಮಾನರು “ನಮಗ್ಯಾಕೆ ಊರ ಉಸಾಬರಿ” ಎಂದು ತಲೆಯೆತ್ತದೆ ಇಸ್ತ್ರಿ ಹಾಕುತ್ತಿದ್ದಾರೆ. ಅತ್ತೆಯವರು ಮಾತ್ರ “ಹೇಳೋದು ಶಾಸ್ತ್ರ, ಇಕ್ಕೋದು ಗಾಳ” ಎಂದರು. ಯಾರನ್ನು ಕುರಿತು ಎಂದು ನಾನು ಕೇಳಲಿಲ್ಲ, ತಾವೂ ಕೇಳಬೇಡಿ.

ಆದಕಾರಣ ತಮ್ಮಲ್ಲಿ ಕಳಕಳಿಯ ಪ್ರಾರ್ಥನೆ ಏನೆಂದರೆ, ಯಂತ್ರ ಹೇಗೂ ತಮ್ಮದೇ ಆದ್ದರಿಂದ, ತಾವು ಖುದ್ದಾಗಿ ಅದನ್ನೇರಿ ಕಾಂಕ್ರೀಟು ಸುರಿದ ಹಿಂದಿನ ದಿನಕ್ಕೆ ಹೋಗಿ, ಅಲ್ಲಿ ಸಿಗುವ ತಮಗೆ ತಾವೇ ನಾಲ್ಕು ಬುದ್ಧಿಮಾತು ಹೇಳಿ ಬರಬೇಕು. ಬೇರೆಯವರದ್ದಲ್ಲದಿದ್ದರೂ ತಮ್ಮ ಮಾತನ್ನಾದರೂ ತಾವು ಕೇಳುತ್ತೀರೆಂಬ ಭರವಸೆ ನನಗಿದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ದೊಡ್ಡಮ್ಮನನ್ನೇ ಯಂತ್ರದಲ್ಲಿ ಕೂರಿಸಿ ಕಾಂಕ್ರೀಟಿಲ್ಲದ ಯಾವುದಾದರೂ ಒಳ್ಳೆಯ ಶತಮಾನಕ್ಕೆ ಕಳಿಸಿಕೊಡಬಹುದು, ಆದರೆ ನಾನು ಒಳಗೆ ಇಣುಕಿ ನೋಡಿದಾಗ ಬಣ್ಣದ ಬಲ್ಬುಗಳೂ ಒಂದು ಹಳೆಯ ಕುಕ್ಕರಿನ ಮುಚ್ಚಳವೂ ಬಿಟ್ಟರೆ ಇನ್ನೇನೂ ಕಾಣಲಿಲ್ಲವೆಂಬುದನ್ನು ವಿನಯದಿಂದ ತಿಳಿಸುತ್ತೇನೆ. ಅದೂ ಬೇಡವೆಂದರೆ ತಮ್ಮ ಪ್ಲಾಸ್ಟಿಕ್ ಆಮೆಯನ್ನು ಕಳಿಸಿ, ಎರಡನೇ ಭಾಗ ಬಿಡುಗಡೆಯಾಗುವವರೆಗೆ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುವಂತೆ ದೊಡ್ಡಮ್ಮನಿಗೆ ತಿಳಿಹೇಳಿಸಬೇಕು. ಒಂದೇ ಕುಲದವರ ಮಾತಿಗೆ ಬೆಲೆ ಹೆಚ್ಚು.

ಇದ್ಯಾವುದೂ ಆಗದಿದ್ದರೆ ಒಂದೇ ಒಂದು ಮಾತು ಕೇಳುತ್ತೇನೆ, ಇದು ತಮಾಷೆಯಲ್ಲ. ಒಂದು ಅಂಗಿಯ ಮೇಲಿನ ಕೆಸರನ್ನು ಇದ್ದಲ್ಲಿಗೆ ಇದ್ದ ಹಾಗೆ ತಂದು ಹಚ್ಚಲು ಅಷ್ಟು ಪಾಡುಪಟ್ಟ ತಾವು, ಈ ದಂಡೆಯ ಮಣ್ಣನ್ನೂ ಇದ್ದಲ್ಲಿಗೆ ಇದ್ದ ಹಾಗೆ ತಂದು ಹಾಕಬಾರದೇ? ದೊಡ್ಡಮ್ಮನದೂ ಕಂಟಿನ್ಯೂಟಿಯೇ ಅಲ್ಲವೇ ಸ್ವಾಮಿ? ನಾಳೆ ಆ ಡಾಕ್ಟರಮ್ಮ ನಿಜವಾಗಿಯೂ ಮುನ್ನೂರು ವರ್ಷ ದಾಟಿ ಬಂದು, ಮೊಟ್ಟೆ ಎಲ್ಲಿ ಎಂದು ನಮ್ಮ ಹಿತ್ತಲಲ್ಲಿ ನಿಂತು ಕೇಳಿದರೆ, ನಾನು ಅವಳಿಗೆ ನಿಮ್ಮದೇ ಸಿನಿಮಾ ಅವಕ್ಕೆ ಜಾಗ ಬಿಡಲಿಲ್ಲ ತಾಯಿ ಎಂದು ಯಾವ ಬಾಯಲ್ಲಿ ಹೇಳಲಿ?

ತಮ್ಮ ಉತ್ತರವು ದೊಡ್ಡಮ್ಮನ ನಡಿಗೆಗಿಂತ ತುಸುವಾದರೂ ಚುರುಕಾಗಿ ಬರಲೆಂದು ಹಾರೈಸುತ್ತಾ, ತಮ್ಮ ಕಾಂಕ್ರೀಟಿನಷ್ಟೇ ಗಟ್ಟಿಯಾದ ನಂಬಿಕೆಯನ್ನು ತಮ್ಮ ಮೇಲಿಟ್ಟಿರುವ,

ತಮ್ಮ ವಿಶ್ವಾಸಿ,
ಕೆರೆ ದಂಡೆಯ ಲಾಂಡ್ರಿಯವಳು

ತಾ.ಕ.: ತಪ್ಪುಗಳಿದ್ದರೆ ತಿದ್ದೋಣವೆಂದು ಈ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಪೂರ್ತಿ ಕೇಳಿಸಿಕೊಂಡ ಅತ್ತೆಯವರು “ಇಷ್ಟುದ್ದ ಬರೆಯೋ ಹೊತ್ತಲ್ಲಿ ಅದನ್ನ ಒಡೆದೇ ಹಾಕಬಹುದಿತ್ತಲ್ಲೇ!” ಎಂದರು. ಯಜಮಾನರು ಇಸ್ತ್ರಿಯ ಸ್ವಿಚ್ಚು ಆರಿಸಿ, ಹಾರೆ ತೆಗೆದುಕೊಂಡು ಹೊರಟರು. ಯಂತ್ರವನ್ನು ನಾವು ಮೂವರೇ ಎತ್ತಿ ಬದಿಗಿಟ್ಟೆವು. ಮುನ್ನೂರು ವರ್ಷ ದಾಟುವಂಥದ್ದು ಇಷ್ಟು ಹಗುರ ಪ್ಲೈವುಡ್ಡಿನದೆಂದು ತಿಳಿದಿರಲಿಲ್ಲ. ಕಾಂಕ್ರೀಟು ನಾಲ್ಕೇ ಏಟಿಗೆ ಪುಡಿಯಾಯಿತು. ಅದಕ್ಕೆ ಸಿಮೆಂಟು ಹಾಕಲು ಯಾರೋ ಮರೆತಿದ್ದರು, ಅವರಿಗೆ ನಮ್ಮ ಕೃತಜ್ಞತೆಗಳನ್ನು ತಿಳಿಸಿ. ಜಲ್ಲಿಯನ್ನೂ ಬಾಚಿ ತೆಗೆದು ಹಿತ್ತಲ ಮಣ್ಣು ತಂದು ಹರಡಿದೆವು. ಎರಡನೇ ಭಾಗದ ಬಟ್ಟೆಗಳನ್ನು ತಾವು ಧಾರಾಳವಾಗಿ ಬೇರೆ ಲಾಂಡ್ರಿಗೆ ಕೊಡಬಹುದು, ಯಜಮಾನರೇ ಹೀಗೆ ಬರೆ ಎಂದರು. ಮರುದಿನ ಸಂಜೆ ದೊಡ್ಡಮ್ಮ ಬಂತು, ಹೊಸ ಮಣ್ಣಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು, ಆಮೇಲೆ ತೋಡಿತು. ನಾವು ಮೂವರೂ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆವು, ಹೊಟ್ಟೆ ತಣ್ಣಗಾಯಿತು. ಹೀಗಾಗಿ ಮೇಲಿನ ಪತ್ರವನ್ನು ತಾವು ಓದುವ ಅಗತ್ಯವಿಲ್ಲ. ಮೊಟ್ಟೆಗಳು ಎಲ್ಲಿವೆಯೆಂದು ಕಾಣದಷ್ಟು ಚೆನ್ನಾಗಿ ಅದು ಮಣ್ಣು ಮುಚ್ಚಿ ಹೋಗಿದೆ. ಎರಡನೇ ಭಾಗಕ್ಕೆ ಬರುವಾಗ, ವನ್ಯಜೀವಿಗಳ ಆಪ್ತಮಿತ್ರರೇ, ನೆಲ ನೋಡಿಕೊಂಡು ಕಾಲಿಡಿ.